ಇಪ್ಪತ್ಮೂರನೇ ನಲ್ಲಿ

ಫಾರಂ ಕೇಳುತ್ತದೆ: ಒಟ್ಟು ಎಷ್ಟು ಗಂಟೆ?
ಚೌಕ ಸಣ್ಣದು, ಮೂರು ಅಂಕಿಗಷ್ಟೇ ಜಾಗ.
ಹುಡುಗನನ್ನು ಕೇಳಿದೆ. "ಗೊತ್ತಿಲ್ಲ" ಅಂದ.
ಅವನ ಬೂಟಿನ ಹಿಮ ನನ್ನ ಕಚೇರಿಯ ಚಾಪೆಯ ಮೇಲೆ
ಸುಮ್ಮನೆ ಕರಗುತ್ತಿತ್ತು.

ಲೀಂಡರ್ ಹಿಸ್ಕಾಕ್, ವಯಸ್ಸು ಹದಿನಾರು,
ಗನೆಟ್ ಕೋವ್, ನ್ಯೂಫೌಂಡ್‌ಲ್ಯಾಂಡ್.
ಇಲ್ಲಿಯವರೆಗೆ ಬರೆದಿದ್ದೇನೆ.
ಮುಂದೆ ಬರೆಯಬೇಕಾದ್ದು:
ಬಿರುಗಾಳಿ ನಿಂತ ಪ್ರತಿ ಬೆಳಗು, ಶಾಲೆಗೂ ಮುನ್ನ,
ಅಪ್ಪನ ಸಲಿಕೆ ಹೆಗಲಿಗೇರಿಸಿ
ಊರಿನ ಬೆಂಕಿ-ನಲ್ಲಿಗಳನ್ನು ಹಿಮದಿಂದ ಬಿಡಿಸುತ್ತಾನೆ.
ಮೊಣಕಾಲೆತ್ತರದ ಕೆಂಪು ಕಬ್ಬಿಣ;
ನಕ್ಷೆಯ ಪ್ರಕಾರ ನಲವತ್ತೊಂದು.
ಯಾರೂ ಹೇಳಿದ್ದಲ್ಲ. ಅಗ್ನಿಶಾಮಕ ದಳಕ್ಕೆ ಸೇರಲು
ಹದಿನೆಂಟು ತುಂಬಬೇಕು.
"ಕಾಯೋಕೆ ಬೇಜಾರು" ಅಂತಾನೆ.

ಹೋದ ಫೆಬ್ರವರಿ, ಪಾರ್ಸನ್ಸರ ಚಿಮಣಿ ಹೊತ್ತಿಕೊಂಡ ರಾತ್ರಿ,
ಪೈಪು ಹಿಡಿದು ಓಡಿದವರಿಗೆ
ನಲ್ಲಿ ಹುಡುಕುವ ಕೆಲಸವೇ ಇರಲಿಲ್ಲ.
ಗೋಡೆಯಲ್ಲಿ ಕೊರೆದ ದೀಪದ ಗೂಡಿನಂತೆ
ಹಿಮದೊಳಗೆ ಅದು ಕಾದು ನಿಂತಿತ್ತು.
ಮನೆ ಉಳಿಯಿತು. ಬೆಕ್ಕು ಉಳಿಯಿತು.
ಪಿಯಾನೋ ಮಾತ್ರ ನೆನೆದು ಬೇರೆ ಶ್ರುತಿಗೆ ಹೋಯಿತು.

ಅದಕ್ಕೇ ಈ ಸನ್ಮಾನ. ಶನಿವಾರ, ಚರ್ಚಿನ ಹಾಲಿನಲ್ಲಿ,
ಉಪ್ಪುಮಾಂಸ, ಬೇಯಿಸಿ ಅರೆದ ಬಟಾಣಿ, ಮೇಯರರ ಭಾಷಣ.
ಫಲಕದಲ್ಲಿ 'ನಿಸ್ವಾರ್ಥ' ಅನ್ನುವ ಮಾತಿರಲಿ ಎಂದರು.
"ಯಾಕೆ ಮಾಡ್ತೀಯಪ್ಪ?" ಎಂದು ನಾನೇ ಕೇಳಿದ್ದೆ.
"ಬಿಳಿಯೊಳಗಿಂದ ಆ ಕೆಂಪು ಹೊರಗೆ ಬರುತ್ತಲ್ಲ,
ಮೊದಲು ಒಂದು ಚುಕ್ಕಿ... ಅದು ಚೆನ್ನಾಗಿರುತ್ತೆ."
ಇದು ನಿಸ್ವಾರ್ಥವೋ ಅಲ್ಲವೋ,
ಕೆತ್ತುವವನು ಅಕ್ಷರಕ್ಕಿಷ್ಟು ಎಂದು
ಆಗಲೇ ದುಡ್ಡು ಎಣಿಸಿಕೊಂಡಿದ್ದ.

ಈಗ ನಾನು ಹೇಳಿಕೊಳ್ಳಬೇಕಾದದ್ದೊಂದಿದೆ.
ಊರ ನಕ್ಷೆ ಬರೆದವಳು ನಾನು,
ಮೂವತ್ತೆಂಟು ವರ್ಷದ ಹಿಂದೆ, ಹಲ್ಲುನೋವಿನ ಒಂದು ಮಧ್ಯಾಹ್ನ.
ಇಪ್ಪತ್ಮೂರನೇ ನಲ್ಲಿ ಎಂದು ಚುಕ್ಕಿಯಿಟ್ಟೆನಲ್ಲ,
ಬಂಗೇ ಅಜ್ಜಿಯ ಬೇಲಿಯ ಪಕ್ಕ,
ಅಲ್ಲಿ ನಲ್ಲಿಯಿಲ್ಲ. ಎಂದೂ ಇರಲಿಲ್ಲ.
ಪೈಪು ಆ ತಿರುವು ಮುಟ್ಟುವ ಮೊದಲೇ
ಪಂಚಾಯಿತಿಯ ದುಡ್ಡು ಮುಗಿದಿತ್ತು.
ನಾಳೆ ತಿದ್ದಿದರಾಯಿತು ಅಂದುಕೊಂಡೆ.
ಆ ನಾಳೆ ಫೈಲಿನೊಳಗೆ ಹಳದಿಯಾಯಿತು.

ಅದರ ನಕಲು ಹಿಡಿದು ಮೂರು ಚಳಿಗಾಲ
ಈ ಹುಡುಗ ಅಲ್ಲಿ ಅಗೆದಿದ್ದಾನೆ.
ನನ್ನ ಕಿಟಕಿಗೆ ಆ ಮೂಲೆ ಕಾಣುತ್ತದೆ:
ಸೊಂಟದವರೆಗೆ ಇಳಿದು,
ಸಲಿಕೆಗೆ ಕಬ್ಬಿಣ ತಾಗುವ ಸದ್ದಿಗೆ ಕಿವಿಗೊಟ್ಟು,
ಹುಲ್ಲು ಕಂಡು, ಸ್ವಲ್ಪ ಎಡಕ್ಕೆ ಸರಿದು, ಮತ್ತೆ.
ಚಹಾ ಹಿಡಿದು ನೋಡಿದ್ದೇನೆ ನಾನು.
ಕಿಟಕಿ ತೆರೆದು ಕೂಗಿದ್ದರೆ ಮುಗಿಯುತ್ತಿತ್ತು.
ಚಳಿ ಒಳಗೆ ನುಗ್ಗುತ್ತದೆ ಎಂದು ತೆರೆಯಲಿಲ್ಲ.
ಅದು ಕಾರಣವಲ್ಲ.

ಆ ಗಂಟೆಗಳನ್ನು ಯಾವ ಚೌಕಕ್ಕೆ ಸೇರಿಸಲಿ?

ಶನಿವಾರ ಹಾಲಿನ ಹಿಂದೆ, ಕೋಟು ನೇತುಹಾಕುವಲ್ಲಿ,
ಟೈ ಜತೆ ಗುದ್ದಾಡುತ್ತಿದ್ದವನಿಗೆ ಹೇಳಿಬಿಟ್ಟೆ.
ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಆಗಲಿ ಅಂದುಕೊಂಡಿದ್ದೆ.
"ಗೊತ್ತು" ಅಂದ. "ಎರಡನೇ ಚಳಿಗಾಲಕ್ಕೇ ಗೊತ್ತಾಯ್ತು."
"ಮತ್ತೆ?"
"ಅಷ್ಟರಲ್ಲಿ ಅಜ್ಜಿ ಆ ದಾರೀಲಿ ಓಡಾಡೋಕೆ ಶುರುಮಾಡಿದ್ರು.
ತಮಗೋಸ್ಕರ ಅಗೀತಿದೀನಿ ಅಂದ್ಕೊಂಡಿದಾರೆ.
ಒಣದ್ರಾಕ್ಷಿ ಬನ್ನು ಬೇರೆ ಕೊಡ್ತಾರೆ.
ಈಗ ಹೇಗೆ ಹೇಳೋದು?"

ಹೆಸರು ಕೂಗಿದರು. ಹೋದ.
ಫಲಕವನ್ನು ತಲೆಕೆಳಗಾಗಿ ಹಿಡಿದೇ ಫೋಟೋಕ್ಕೆ ನಿಂತ.
ಮೂರನೇ ಸಾಲಿನಲ್ಲಿ ಬಂಗೇ ಅಜ್ಜಿ,
ಎಲ್ಲರ ಚಪ್ಪಾಳೆ ನಿಂತ ಮೇಲೂ ತಟ್ಟುತ್ತಿದ್ದರು,
ಮಡಿಲಲ್ಲಿ ಕಾಗದ ಸುತ್ತಿದ ಏನೋ ಒಂದು ಪೊಟ್ಟಣ.

ಸೋಮವಾರ ನಕ್ಷೆ ಹೊರತೆಗೆದೆ. ರಬ್ಬರು, ಪೆನ್ನು.
ಆ ಚುಕ್ಕಿಯ ಮುಂದೆ ಬಹಳ ಹೊತ್ತು ಕೂತೆ.
ಆಮೇಲೆ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ,
ಕಚೇರಿಯ ಭಾಷೆಯಲ್ಲೇ ಬರೆದೆ:
ಇಲ್ಲಿ ನೀರಿಲ್ಲ. ಹಿಮ ತೆಗೆಯತಕ್ಕದ್ದು.